ಹಾಡಿಶಾಲೆಯ ತಪಾಸಣೆ

ಮೂವತ್ತಮೂರು ವರ್ಷ ಮಕ್ಕಳನ್ನು ‘ಕೈ ಕಟ್ಟು, ಬಾಯಿ ಮುಚ್ಚು’ ಎಂದು ಕೂರಿಸಿ ಸಂಬಳ ತೆಗೆದುಕೊಂಡವನು ನಾನು. ಅಂಥವನು ಗೋಡೆಯೇ ಇಲ್ಲದ ಶಾಲೆಯೊಂದರ ಪರ ವಕಾಲತ್ತು ಹಾಕುವುದು ಶೋಭೆಯಲ್ಲ ಎಂದು ಬಲ್ಲೆ. ಆದರೂ ಹಾಕುತ್ತೇನೆ. ಬೇಕಾದವರು ನನ್ನ ಪಿಂಚಣಿ ನಿಲ್ಲಿಸಲಿ.

ಹಟ್ಟಿಯಂಗಡಿಯ ನಮ್ಮ ಮನೆಯಿಂದ ಒಂದು ಕೂಗಿನಷ್ಟು ದೂರದ ಹಾಡಿಯಲ್ಲಿ ಜಲಜ ಟೀಚರ್ ಶಿಶುವಿಹಾರ ನಡೆಸುತ್ತಾರೆ. ಹಾಡಿ ಎಂದರೆ ನಮ್ಮಲ್ಲಿ ಊರಿನ ಬೆನ್ನಿಗೇ ಅಂಟಿಕೊಂಡ ಸಣ್ಣ ಕಾಡು. ಬಾಗಿದ ಗೇರುಮರವೇ ಅಲ್ಲಿ ಕುದುರೆ, ನೆಲವೇ ಸ್ಲೇಟು. ಮಳೆಗೆಂದು ಒಂದು ತೆಂಗಿನ ಮಡಲಿನ ಚಪ್ಪರ. ನಾಲ್ಕು ವರ್ಷದ ನನ್ನ ಮೊಮ್ಮಗಳು ಪೂರ್ವಿ ಅಲ್ಲಿಯ ವಿದ್ಯಾರ್ಥಿನಿ. ಮಧ್ಯಾಹ್ನ ಮನೆಗೆ ಬಂದವಳನ್ನು ಬಾವಿಕಟ್ಟೆಗೆ ಒಯ್ದು, ತೊಳೆದು, ನಮ್ಮದೇ ಮಗು ಹೌದೋ ಎಂದು ಖಚಿತಪಡಿಸಿಕೊಂಡೇ ಒಳಗೆ ಬಿಡಬೇಕು.

ನನ್ನ ಮಗಳು ವಿನಯಾಗೆ ಇದು ಸಾಕಾಗಿತ್ತು. ಪಕ್ಕದ ಮನೆಯ ಮಗು ವ್ಯಾನಿನಲ್ಲಿ ಪೇಟೆ ಶಾಲೆಗೆ ಹೋಗಿ ಇಂಗ್ಲಿಷ್ ಅಕ್ಷರವೆಲ್ಲ ಬರೆಯುತ್ತದೆ. ನಮ್ಮದು ಎರೆಹುಳಕ್ಕೆ ಹೆಸರಿಡುತ್ತದೆ.

“ಅಪ್ಪಯ್ಯ, ನೀವೇ ಒಂದ್ ದಿನ ಹೋಯಿ ಕಂಡ್ಕಂಡ್ ಬನ್ನಿ. ನೀವ್ ಬ್ಯಾಡ ಅಂದ್ರೆ ಸೋಮವಾರದಿಂದ್ಲೇ ಪ್ಯಾಟಿ ಶಾಲಿ” ಎಂದಳು. ನಾನು ಬೇಡವೆನ್ನುತ್ತೇನೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ.

ನಮ್ಮ ಋಷಿಗಳೂ ಕಾಡಿನಲ್ಲೇ ಪಾಠ ಮಾಡಿದವರು ಎಂಬುದು ಆಗ ನನಗೆ ಹೊಳೆಯಲಿಲ್ಲ. ಶಿಷ್ಯರ ತಾಯಂದಿರು ನಾರುಮಡಿಗೆ ಮಣ್ಣಾಯಿತೆಂದು ಆಶ್ರಮಕ್ಕೆ ಬಂದು ಜಗಳವಾಡಿದ ಉಲ್ಲೇಖ ನಾನು ಓದಿದಷ್ಟರಲ್ಲಿ ಎಲ್ಲೂ ಇಲ್ಲ.

ಶುಕ್ರವಾರ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಕಂಕುಳಲ್ಲಿ ಕೊಡೆ ಇರಿಸಿ, ತಪಾಸಣೆಗೆ ಹೊರಟೆ. ಹಾಡಿಯ ಬಾಯಲ್ಲಿ ಹನ್ನೊಂದು ಮಕ್ಕಳೂ ನಿಂತು, ಕೋಲಿನಿಂದ ನೆಲ ಬಡಿದು, “ಹ್ವಾಯ್! ನಾವ್ ಬತ್ತಿತ್, ದಾರಿ ಬಿಡಿ!” ಎಂದು ಕೂಗಿದವು. ಹಾವು, ಮುಂಗುಸಿ, ಒಳಗೆ ಯಾರೇ ಇರಲಿ, ಅವರಿಗೆ ಸೂಚನೆ.

“ಅಜ್ಜಯ್ಯ, ನೀವೂ ಕೂಗ್ಕ್” ಎಂದಳು ಪೂರ್ವಿ.

ಹೆಡ್‌ಮಾಸ್ತರನಾಗಿದ್ದವನು ಹಾವಿನ ಅಪ್ಪಣೆ ಕೇಳುವುದೆ? ಗಂಭೀರವಾಗಿ ಒಳನಡೆದೆ. ಗೇರುಮರದ ಬಾಗಿದ ಕೊಂಬೆ ಕುರ್ಚಿಯಂತೆ ಕಂಡಿತು.

“ಕೂಕಂಬುಕ್ ಮುಂಚೆ ಮೇಲೆ ಕೆಳ್ಗೆ ಕಾಣ್ಕ್, ಅಜ್ಜಯ್ಯ!”

“ನಂಗ್ ಹೇಳ್ಕೊಡ್ಬ್ಯಾಡ ಹೆಣ್ಣೆ” ಎಂದು ಕುಳಿತೆ.

ಎಲೆಗಳನ್ನು ಹೊಲಿದು ಕಟ್ಟಿದ ಕೆಂಪಿರುವೆಯ ಗೂಡು ಸರಿಯಾಗಿ ಅಲ್ಲೇ ಇತ್ತು. ಈ ವಯಸ್ಸಿನಲ್ಲಿ ಅಷ್ಟು ಬಗೆಯ ಹೆಜ್ಜೆಗಳು ನನ್ನ ಕಾಲಿನಲ್ಲಿವೆ ಎಂದು ನನಗೇ ಗೊತ್ತಿರಲಿಲ್ಲ. ಮಕ್ಕಳು ನಕ್ಕವು, ಆದರೆ ಒಂದೂ ಹತ್ತಿರ ಓಡಿಬರಲಿಲ್ಲ. ಇರುವೆಯ ಸಾಲಿಗೆ ಒಂದು ಮಾರು ಆಚೆ ನಿಂತು ಪೂರ್ವಿ ಆಜ್ಞೆ ಮಾಡಿದಳು: “ಅಲ್ಲೇ ಕುಣುದಲ್ಲ, ಈಚಿಗ್ ಬನ್ನಿ! ಅದ್ ಅವ್ರ್ ಮನಿ!”

ಜಲಜ ಟೀಚರ್ ನಗು ನುಂಗಿಕೊಂಡು, “ಬೇಜಾರ್ ಮಾಡ್ಕಣ್ಬೇಡಿ ಸರ್. ಹೊಸಬ್ರಿಗೆಲ್ಲ ಮೊದಲ್ನೇ ದಿನ ಹೀಂಗೇ” ಎಂದರು.

ಮಧ್ಯಾಹ್ನ ನಾನು ನಿಂತೇ ಊಟ ಮಾಡಿದೆ. ವಿನಯಾ ಗೆದ್ದವಳಂತೆ, “ಕಂಡ್ರ್ಯಾ ಅಪ್ಪಯ್ಯ? ಅದೇ ಮಗೂಗ್ ಕಚ್ಚಿದ್ರೆ ಎಂತ ಮಾಡುದ್?” ಎಂದಳು.

“ಕಚ್ಲಿಲ್ಲ ಅಲ್ದಾ! ಅಲ್ಲಿ ಇದ್ದದ್ ಹನ್ನೊಂದ್ ಮಕ್ಕಳ್. ಕಚ್ಚಿಸ್ಕಂಡದ್ ಬಿ.ಎಡ್. ಆದವ ಒಬ್ನೇ” ಎಂದೆ. “ಸೋಮವಾರವೂ ಹಾಡಿಯೇ.”

ಅವಳು ನನ್ನ ಮುಖ ನೋಡಿದಳು, ಊದಿದ ಮೊಣಕೈ ನೋಡಿದಳು. ಇನ್ನೊಂದು ಸೌಟು ಸಾರು ಬಡಿಸಿದಳು. ಮೇಷ್ಟ್ರಿಗೆ ಅರಳುಮರಳು ಎಂಬ ಸುದ್ದಿ ಆಗಲೇ ತ್ರಾಸಿಯ ನೆಂಟರವರೆಗೆ ಮುಟ್ಟಿದೆ. ಮುಟ್ಟಲಿ.

ಈಗ ಬೆಳಿಗ್ಗೆ ಪೂರ್ವಿಯನ್ನು ಕರೆದೊಯ್ಯುವವನು ನಾನೇ. ಮೂವತ್ತಮೂರು ವರ್ಷ ಯಾರನ್ನೂ ಕೇಳದೆ ತರಗತಿಗೆ ನುಗ್ಗಿದವನು ಹಾಡಿಯ ಬಾಯಲ್ಲಿ ನಿಂತು, ಕೊಡೆಯಿಂದ ನೆಲ ಬಡಿದು ಕೂಗುತ್ತೇನೆ. ಮೊನ್ನೆ ಅವಳು, “ಸಾಕಾಯ್ಲಿಲ್ಲ ಅಜ್ಜಯ್ಯ, ಇನ್ನೂ ಜೋರ್” ಎಂದಳು.

ವ್ಯಾನಿಗೆ ಕಾಯುತ್ತ ನಿಂತ ಪಕ್ಕದ ಮನೆಯವರಿಗೂ ಕೇಳುವಷ್ಟು ಜೋರಾಗಿ ಕೂಗಿದೆ.