ಬಾಗಾಸ್ ಎಂಥವನು?

ಸುರಬಾಯಾ ನಗರದ ಒಂದು ನದಿಯಂಚಿನ ಓಣಿಯಲ್ಲಿ ಯಾರೇ ಸತ್ತರೂ, ಅಂಗಳದಿಂದ ಹೆಣ ಎತ್ತುವ ಮೊದಲು ಮಸೀದಿಯ ಹಿರಿಯರು ನೆರೆದವರನ್ನು ಕೇಳುತ್ತಾರೆ: "ಇವರು ಎಂಥವರು?" ಜನ ಒಟ್ಟಿಗೆ "ಒಳ್ಳೆಯವರು" ಅನ್ನುತ್ತಾರೆ. ಹೆಂಡತಿಯನ್ನು ದಿನಾ ಬಡಿದವನಿಗೂ, ಓಣಿಯನ್ನೇ ಬಡ್ಡಿಯಲ್ಲಿ ಹಿಂಡಿದವನಿಗೂ ಆ ಮಾತು ಸಿಕ್ಕಿದೆ. ಸತ್ತವರ ಬಗ್ಗೆ ಜನ ಅಷ್ಟು ಧಾರಾಳಿಗಳು. ಯುಯುನ್‌ಳ ತಮ್ಮ ಬಾಗಾಸ್‌ಗೆ ಮಾತ್ರ ಸಿಗಲಿಲ್ಲ.

ಬಾಗಾಸ್ ಪಂಕ್ ಸಂಗೀತದ ಹುಡುಗ. ಕುತ್ತಿಗೆಯ ತನಕ ಹಚ್ಚೆ, ಹುಂಜದ ಜುಟ್ಟಿನಂಥ ಕೂದಲು. ತಂಡದಲ್ಲಿ ಗಂಟಲು ಹರಿಯುವಂತೆ ಕೂಗುವುದು ಅವನ ಪಾಲಿನ ಕೆಲಸ. ನದಿಯಂಚಿನ ಗುಡಿಸಲುಗಳನ್ನು ಕೆಡವಲು ಯಂತ್ರ ಬಂದಾಗ ಅಡ್ಡ ನಿಂತ. ಎಳೆದುಕೊಂಡು ಹೋದ ಪೊಲೀಸರು ಹೆಣ ತಂದು ಒಪ್ಪಿಸಿ, ಜಾರಿ ಬಿದ್ದ ಅಂದರು. ಅವನ ತಂಡದವರನ್ನು ಓಣಿಯೊಳಗೇ ಬಿಡಲಿಲ್ಲ. ಓಣಿಯ ಬಾಯಲ್ಲಿ ಸಮವಸ್ತ್ರದವರು ಕಾವಲಿದ್ದರು. ಹಿರಿಯರು ಕೇಳಿದಾಗ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಹಿರಿಯರು ಕೆಮ್ಮಿ, ಪ್ರಾರ್ಥನೆಗೆ ತೊಡಗಿದರು. ಅಕ್ಕ ಹೇಳಬಹುದಿತ್ತಲ್ಲ ಎಂದರೆ, ಆ ಸಾಕ್ಷಿ ಮನೆಯವರು ನುಡಿಯುವಂಥದ್ದಲ್ಲ, ಊರು ನುಡಿಯಬೇಕು.

ಯುಯುನ್ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಈಗ ಮನೆಯಲ್ಲಿ ಉಳಿದವಳು ಅವಳೊಬ್ಬಳೇ. ತಮ್ಮನ ಮೈಕನ್ನು ತಂಡಕ್ಕೆ ಹಿಂದಿರುಗಿಸಲು ಹೋದಳು. ಡ್ರಮ್ ಬಾರಿಸುವ ಜೆಕಿ ಅದನ್ನು ಮುಟ್ಟಲಿಲ್ಲ.

"ನೀವೇ ಇಟ್ಕೊಳಿ ಅಕ್ಕಾ. ನೀವೇ ಹಾಡಿ."

"ನಂಗೆ ಹಾಡೋಕ್ ಬರಲ್ಲ ಕಣೋ."

"ಅವನಿಗೆ ಬರ್ತಿತ್ತಾ? ನಮ್ಮಲ್ಲಿ ಯಾರಿಗೂ ಬರಲ್ಲ."

ತಂಡದ ಮುಂದಿನ ಕಾರ್ಯಕ್ರಮದಲ್ಲಿ ಮೈಕಿನ ಮುಂದೆ ನಿಂತವಳ ಬಾಯಿಗೆ ಬಂದದ್ದು ಒಂದೇ ಮಾತು: "ಬಾಗಾಸ್ ಎಂಥವನು?" ವೇದಿಕೆಯ ಕೆಳಗಿದ್ದ ಗೆಳೆಯರು ಗೋಡೆ ಅದುರುವಂತೆ ಕೂಗಿದರು: "ಒಳ್ಳೆಯವನು!" ಅದೇ ಹಾಡಾಯಿತು.

ವರ್ಷಗಳು ಉರುಳಿದವು. ಮಲಾಂಗ್, ಬಾಂಡುಂಗ್, ಎಲ್ಲೆಲ್ಲೋ ಊರುಗಳ ಗ್ಯಾರೇಜುಗಳಲ್ಲಿ ನಡೆಯುವ ಹಾಡಿನ ಕೂಟಗಳಲ್ಲಿ ಅವಳು ಅದನ್ನೇ ಕೇಳುತ್ತಲೇ ಹೋದಳು. ಹಳೆಯ ಗೆಳೆಯರು ಒಬ್ಬೊಬ್ಬರಾಗಿ ಸಂಸಾರ, ಸಂಬಳ ಎಂದು ಕಳಚಿಕೊಂಡರು. ಈಗ ಕೂಗುವವರು ಎಳೆಯರು. ಅವರಲ್ಲೊಬ್ಬಳು ಒಮ್ಮೆ ಪ್ರೀತಿಯಿಂದಲೇ ಕೇಳಿದಳು: "ಅಕ್ಕಾ, ಬಾಗಾಸ್ ಅಂದ್ರೆ ನಿಮ್ಮ ಬೆಕ್ಕಾ?" ಯುಯುನ್ ನಕ್ಕುಬಿಟ್ಟಳು. ಅಷ್ಟು ಜನರ ಕೂಗಿನ ನಡುವೆ ತನ್ನಷ್ಟು ಒಂಟಿ ಇನ್ನಾರೂ ಇಲ್ಲ ಅನ್ನಿಸಿತು. ಬಾಗಾಸ್‌ನನ್ನು ಕಂಡವರು ಇನ್ನು ಉಳಿದದ್ದು ಓಣಿಯಲ್ಲಿ, ಬಾಯಿ ಮುಚ್ಚಿಕೊಂಡು.

ಈ ಸಲದ ಸ್ವಾತಂತ್ರ್ಯ ದಿನಕ್ಕೆ ಓಣಿಯ ಹುಡುಗರು ಬ್ಯಾಡ್ಮಿಂಟನ್ ಅಂಕಣದಲ್ಲಿ ವೇದಿಕೆ ಹಾಕಿ ಹಾಡಲು ಅವಳನ್ನೇ ಕರೆದರು. ಸಂಜೆ ಬಿಸಿಲಿನಲ್ಲಿ ಅವಳು ಕೇಳಿದಳು. ಹುಡುಗರು ಕೂಗಿದರು. ಅವಳ ಕಣ್ಣಿದ್ದದ್ದು ಹಿಂದಿನ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಅಲ್ಲಿದ್ದ ಹಿರಿಯರು ನೆಲ ನೋಡಿದರು.

ಮರುದಿನ ಬೆಳಿಗ್ಗೆ, ಸೋಯಾ ಕಾಳು ಹುದುಗಿಸಿ ತೆಂಪೆ ಮಾಡಿ ಮಾರುವ ಪಕ್ಕದ ಮನೆಯ ಮುದುಕಿ ಬು ಸರ್ಮಿ ಬಾಳೆಲೆಯ ಪೊಟ್ಟಣ ಹಿಡಿದು ಬಂದಳು. ಬಂದವಳು ಹೊಸ್ತಿಲಲ್ಲೇ ನಿಂತಳು.

"ಅವತ್ತು ನಾ ಹೇಳ್ಬೇಕಿತ್ತು ಮಗಾ. ನನ್ನ ಮಗ ಸರ್ಕಾರಿ ಕೆಲಸಕ್ಕೆ ಓಡಾಡ್ತಿದ್ದ. ಹೆದರ್ಕೊಂಡೆ."

"ಈಗ ಹೇಳಿ, ಬು ಸರ್ಮಿ."

"ಇಲ್ಲಿ ನಿನಗೆ ಹೇಳಿ ಏನ್ ಬಂತು? ಅವನಿಗೆ ಕೇಳಿಸ್ಬೇಕು. ನಡಿ."

ಗೋರಿಯ ಬಳಿ ಇಬ್ಬರೇ. ಮೈಕಿಲ್ಲದೆ, ಹಿಂದಿನ ಸಂಜೆ ಒಡೆದುಹೋಗಿದ್ದ ಗಂಟಲಿನಲ್ಲಿ ಯುಯುನ್ ಕೇಳಿದಳು: "ಬಾಗಾಸ್ ಎಂಥವನು?"

"ಒಳ್ಳೇವನು," ಎಂದಳು ಬು ಸರ್ಮಿ. "ನನ್ನ ಸೋಯಾ ಮೂಟೆ ಹೊತ್ಕೊಂಡ್ ಬರ್ತಿದ್ದ. ಬೇಡ ಕಣೋ ಅಂದ್ರೆ ನಂಗೇ ಬೈತಿದ್ದ."

ಯುಯುನ್ ಮಣ್ಣಿನ ಮೇಲೆ ಕುಸಿದು ಕುಳಿತಳು. ಅಷ್ಟು ವರ್ಷ ಕೂಗಿಕೊಂಡು ತಿರುಗಿದವಳು ಆಗ ಅತ್ತಳು.

"ಇನ್ನೊಂದ್ ಸಲ ಕೇಳು ಮಗಾ," ಎಂದಳು ಮುದುಕಿ. "ತೀರಾ ಮೆಲ್ಲಗೆ ಹೇಳ್ಬಿಟ್ಟೆ."