ಸತ್ತ ಹುಂಜದ ಮೊಟ್ಟೆಗಳು

ಮೊನ್ನೆ ನಮ್ಮ ಹುಂಜವನ್ನು ಬೀದಿನಾಯಿಗಳು ಅಂಗಳದಲ್ಲೇ ಹರಿದು ಹಾಕಿದವು. ಇವತ್ತು ಬೆಳಿಗ್ಗೆ ಹೇಂಟೆಯ ಮೊಟ್ಟೆ ಒಡೆದರೆ ಹಳದಿಯ ಮೇಲೆ ಸಣ್ಣ ಬಿಳಿ ಉಂಗುರ. ಕಾವು ಕೊಟ್ಟರೆ ಮರಿಯಾಗುವ ಮೊಟ್ಟೆಯ ಗುರುತು ಅದು. ನೋಡುತ್ತಲೇ ಹಿರಿಯಡ್ಕದ ಅಜ್ಜಿಮನೆ ಕಣ್ಣೆದುರು ಬಂತು.

ಅಜ್ಜಿಯನ್ನು ಕೇಳದೆ ಮಾವ ಅವಳ ಕೆಂಪು ಹುಂಜವನ್ನು ಕೋಳಿ ಅಂಕಕ್ಕೆ ಒಯ್ದು, ಕಾಲಿಗೆ ಬಾಳು ಎನ್ನುವ ಸಣ್ಣ ಕತ್ತಿ ಕಟ್ಟಿ ಬಿಟ್ಟಿದ್ದ. ಹುಂಜ ಗೆದ್ದಿತು. ಆದರೆ ಮನೆಗೆ ಬಂದದ್ದು ಹೊಟ್ಟೆ ಸೀಳಿ, ಕರುಳು ಹೊರಗೆ ಬಿದ್ದು, ಮಾವನ ಲುಂಗಿಯಲ್ಲಿ ಸುತ್ತಿಕೊಂಡು. ಅಜ್ಜಿ ಅದರ ಕತ್ತು ತಿರುಚಿದಳು. ಅದೇ ರಕ್ತದ ಕೈಯಲ್ಲಿ ಮಾವನ ಕೆನ್ನೆಗೆ ಬಾರಿಸಿದಳು.

ಕೆಲವು ದಿನ ಬಿಟ್ಟು ಮಾವ ಹೊಸ ಮೊಟ್ಟೆಗಳಿಗೆ ಕೈ ಹಾಕಿದ. “ಹುಂಜವೇ ಇಲ್ಲ ಅಲ್ವಾ ಅಮ್ಮ, ಇನ್ನು ಎಂತ ಮರಿ? ಆಮ್ಲೆಟ್ ಮಾಡುವ.”

ಅಜ್ಜಿಯ ಸೌಟು ಅವನ ಬೆರಳಿನ ಗಂಟುಗಳ ಮೇಲೆ ಬಿತ್ತು.

“ಮುಟ್ಟಬೇಡ! ನೀನು ಕೊಂದದ್ದು ಹುಂಜವನ್ನು ಮಾತ್ರ. ಅದರ ಬೀಜ ಹೇಂಟೆಯ ಹೊಟ್ಟೆಯಲ್ಲಿ ಇನ್ನೂ ಉಂಟು.”

ಆ ಮೊಟ್ಟೆಗಳಿಗೆ ಕಾವು ಕೊಟ್ಟಾಗ ಬದುಕಿದ್ದು ಒಂದೇ ಮರಿ. ಗಂಡು, ಅಪ್ಪನದೇ ಕೆಂಪು. ಬೆಳೆದ ಮೇಲೆ ಮಾವ ಅದನ್ನೂ ಹಿಡಿಯಲು ಬಗ್ಗಿದ. ಅದು ಹಾರಿ ಕಾಲಿನ ಮುಳ್ಳಿನಿಂದ ಅವನ ಮುಖವನ್ನು ಹುಬ್ಬಿನಿಂದ ಗಲ್ಲದವರೆಗೆ ಸೀಳಿತು. ಮಾವ ಕಿರುಚುತ್ತಿದ್ದ. ಅಜ್ಜಿ ಹುಂಜಕ್ಕೆ ಒಂದು ಹಿಡಿ ಅಕ್ಕಿ ಎರಚಿದಳು.

ಇವತ್ತು ನಾನು ಒಲೆ ಆರಿಸಿ, ಉಳಿದ ಮೊಟ್ಟೆಗಳನ್ನು ಕಾವಿಗೆ ಕೂತ ಹೇಂಟೆಯ ಅಡಿಗೆ ಸರಿಸಿ ಬಂದೆ. ನಾಯಿಗಳು ಗೇಟಿನಾಚೆ ಇನ್ನೂ ಬಾಯಿ ಚಪ್ಪರಿಸುತ್ತಿವೆ.

ಚಪ್ಪರಿಸಲಿ.