ಉಯ್ಯಂಬಳ್ಳಿಯ ಒಗ್ಗರಣೆ

ಚೈತ್ರದ ಬಿಸಿಲು ಏರುವ ಹೊತ್ತಿಗೆ ನಮ್ಮ ಹಳ್ಳಿಯೂಟದ ಪ್ರವಾಸದ ವ್ಯಾನು ಉಯ್ಯಂಬಳ್ಳಿ ತಲುಪಿತು. ಊರಿಗೆ ಊರೇ ರೇಷ್ಮೆಗೆ ಇಳಿದಿದ್ದ ಕಾಲ, ದಾರಿಯುದ್ದಕ್ಕೂ ಹಿಪ್ಪುನೇರಳೆ. ನಮಗೆ ಊಟ ಹಾಕಲು ಒಪ್ಪಿದ್ದ ಕೆಂಪಮ್ಮನವರ ಬಾಗಿಲಲ್ಲೇ ಬೆಳ್ಳುಳ್ಳಿ ಒಗ್ಗರಣೆಯ ಘಮ ಮೂಗಿಗೆ ಬಡಿಯಿತು. ಹನ್ನೆರಡು ಜನವೂ ಖುಷಿಯಿಂದ ಜಗಲಿಯಲ್ಲಿ ಎಲೆ ಮುಂದೆ ಕೂತೆವು. ಮುದ್ದೆ, ಹುರುಳಿಕಾಳಿನ ಬಸ್ಸಾರು.

ನನ್ನ ಪಕ್ಕದ ಸರೋಜ ಪುಸ್ತಕ, ಪೆನ್ನು ತೆಗೆದರು. "ದಿನಾ ಹೀಗೇ ಘಮಘಮ ಅಂತ ಮಾಡ್ತೀರಾ?"

"ಇಲ್ಲ ಕಣವ್ವ. ಹುಳ ಮನೇಲಿರೋಗಂಟ ಒಗ್ಗರಣೆ ಹಾಕಕಿಲ್ಲ. ಘಾಟು ಅವುಕ್ಕೆ ಆಗಕಿಲ್ಲ. ಇಪ್ಪತ್ತು ದಿನದಿಂದ ಸಪ್ಪೆ ಸಾರೇ ಉಂಡಿದ್ದು."

"ಹಾಗಾದರೆ ಗೂಡು ಕಟ್ಟಿ ಆಯ್ತು ಅನ್ನಿ!"

ಕೆಂಪಮ್ಮ ಸೌಟು ಕೆಳಗಿಟ್ಟರು. "ರೋಗ ಬಂದ್ಬುಡ್ತು. ನೆನ್ನೆ ಎಲ್ಲಾ ಸತ್ತೋದ್ವು. ಇನ್ಯಾರಿಗೆ ಘಾಟು? ಅದ್ಕೇ ಹಾಕ್ಬುಟ್ಟೆ."

ಸರೋಜ ಪುಸ್ತಕ ಮುಚ್ಚಿದರು. ನಮ್ಮಲ್ಲಿ ಒಬ್ಬಿಬ್ಬರು ಏಳಲು ನೋಡಿದರು.

"ಉಣ್ಣೋ ಎಲೆ ಬುಟ್ಟು ಏಳ್ಬ್ಯಾಡಿ," ಎಂದು ಕೆಂಪಮ್ಮ ಎಲ್ಲರಿಗೂ ಮತ್ತೆ ಸಾರು ಬಿಟ್ಟರು. ನಾವು ಒತ್ತಾಯ ಮಾಡಿದ ಮೇಲೆ ತಾವೂ ಒಂದು ಎಲೆ ಹಾಕಿಕೊಂಡು ಕೂತರು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿದರು. ತುತ್ತು ಕೈಯಲ್ಲೇ ಉಳಿಯಿತು.